ಎಮ್ಮೆ ಹಾಡಿಗೆ ಸಿಕ್ಕ ಗಂಟಲು: ರಾಜ್‌ಕುಮಾರ್ ಗಾಯಕರಾದ ಪ್ರಕರಣ

1974ರಲ್ಲಿ ತೆರೆಗೆ ಬಂದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ‘ಯಾರೇ ಕೂಗಾಡಲಿ’ ಎಂದು ಹಾಡಿದಾಗ ರಾಜ್‌ಕುಮಾರ್ ಅವರಿಗೆ ಸುಮಾರು 45 ವರ್ಷ. ನಾಯಕನಟರಾಗಿ ಇಪ್ಪತ್ತು ವರ್ಷ ಕಳೆದಿತ್ತು. ಅವರ 150ನೇ ಚಿತ್ರ ‘ಗಂಧದ ಗುಡಿ’ ಹಿಂದಿನ ವರ್ಷವೇ ಬಂದಿತ್ತು. ಅಷ್ಟೂ ಕಾಲ ತೆರೆಯ ಮೇಲಿನ ರಾಜ್‌ಕುಮಾರ್ ಬಾಯಿ ತೆರೆದರೆ ಕೇಳುತ್ತಿದ್ದ ಹಾಡುದನಿ ಬಹುಪಾಲು ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ (ಪಿಬಿಎಸ್) ಅವರದು. ಎಮ್ಮೆ ಹಾಡಿನ ನಂತರ ಎರಡೇ ವರ್ಷದಲ್ಲಿ ಆ ಏರ್ಪಾಡು ತಲೆಕೆಳಗಾಯಿತು. ಮುಂದಿನ ಕಾಲು ಶತಮಾನ ಅವರ ಹಾಡುಗಳನ್ನು ಹೆಚ್ಚುಕಡಿಮೆ ಅವರೇ ಹಾಡಿಕೊಂಡರು.

ಇದಕ್ಕೆ ಎಲ್ಲರಿಗೂ ಗೊತ್ತಿರುವ ವಿವರಣೆ ಒಂದಿದೆ. ಆ ಹಾಡಿನ ಧ್ವನಿಮುದ್ರಣದ ಹೊತ್ತಿಗೆ ಪಿಬಿಎಸ್ ಅವರ ಗಂಟಲು ಕೈಕೊಟ್ಟಿತ್ತಂತೆ, ಹಾಗಾಗಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರಂತೆ. ಕತೆ ಚೆನ್ನಾಗಿದೆ, ನಿಜವೂ ಇರಬಹುದು. ಆದರೆ ಅದು ವಿವರಿಸುವುದು ಒಂದು ದಿನವನ್ನು ಮಾತ್ರ. ಗಂಟಲುನೋವು ವಾರದಲ್ಲಿ ವಾಸಿಯಾಗುತ್ತದೆ. ಇಲ್ಲಿ ಬದಲಾದದ್ದು ಒಂದು ಉದ್ಯಮದ ರೂಢಿ. ನಮ್ಮ ಚಿತ್ರರಂಗದ ಚರಿತ್ರೆಯನ್ನು ಇಂಥ ಆಕಸ್ಮಿಕಗಳ ಸರಮಾಲೆಯಾಗಿ ಹೇಳುವುದು ನಮಗೆಲ್ಲ ಇಷ್ಟ. ಆ ಅಭ್ಯಾಸವನ್ನು ಪಕ್ಕಕ್ಕಿಟ್ಟು ಈ ಪ್ರಕರಣವನ್ನು ನೋಡಬೇಕಿದೆ.

ಕಂಪನಿ ಕೊಟ್ಟದ್ದು

ಮುಂದೆ ರಾಜ್‌ಕುಮಾರ್ ಆದ ಗಾಜನೂರಿನ ಮುತ್ತುರಾಜ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟ. ಹುಡುಗನ ಶಾಲೆ ಬೇಗ ಮುಗಿಯಿತು. ಕಲಿಕೆಯೆಲ್ಲ ಕಂಪನಿಯಲ್ಲೇ ಆಯಿತು.

ಆ ಕಲಿಕೆ ಎಂಥದ್ದು ಎನ್ನುವುದು ಈ ಪ್ರಕರಣಕ್ಕೆ ಮುಖ್ಯ. ಕಂಪನಿ ನಾಟಕದಲ್ಲಿ ನಟ ಬೇರೆ, ಗಾಯಕ ಬೇರೆ ಎಂಬ ವಿಭಾಗವೇ ಇರಲಿಲ್ಲ. ಮಾತು ಏರುತ್ತಾ ಏರುತ್ತಾ ಕಂದವೋ ಸೀಸವೋ ಒಂದು ಪದ್ಯಕ್ಕೆ ತಿರುಗಬೇಕು, ಅಲ್ಲಿಂದ ಹಾಡಿನ ಮಟ್ಟಿಗೆ ಹೋಗಬೇಕು, ಹಾಡು ಮುಗಿದ ಉಸಿರಿನಲ್ಲೇ ಮತ್ತೆ ಮಾತಿಗೆ ಇಳಿಯಬೇಕು. ಕಾಲು ಹಾರ್ಮೋನಿಯಂನವರು ಶ್ರುತಿ ಹಿಡಿದು ಕೂತಿರುತ್ತಾರೆ, ತಬಲಾದವರು ಕಾಯುತ್ತಿರುತ್ತಾರೆ, ಟೆಂಟಿನ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಅಕ್ಷರ ಅಕ್ಷರವೂ ಕೇಳಬೇಕು. ಜನ ‘ವನ್ಸ್ ಮೋರ್’ ಅಂದರೆ ಅದೇ ಹಾಡನ್ನು ಇನ್ನೊಮ್ಮೆ, ಅದೇ ಏರುದನಿಯಲ್ಲಿ ಹಾಡಬೇಕು. ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುವ ಮಾತೇ ಇರಲಿಲ್ಲ.

ಕನ್ನಡ ಸಿನಿಮಾ ಹುಟ್ಟಿದ್ದೂ ಇದೇ ಗಂಟಲುಗಳಿಂದ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗದಿಂದ ಬಂದವರು. ಕ್ಯಾಮೆರಾ ಎದುರು ನಿಂತವರೇ ಹಾಡಬೇಕಿದ್ದ ಕಾಲವದು. ಹೊನ್ನಪ್ಪ ಭಾಗವತರ್ ಆ ಪರಂಪರೆಯನ್ನು 1955ರ ‘ಮಹಾಕವಿ ಕಾಳಿದಾಸ’ದವರೆಗೂ ಎಳೆದು ತಂದರು, ನಾಯಕನೂ ಅವರೇ, ದನಿಯೂ ಅವರದೇ. ಅಂದರೆ ಮುತ್ತುರಾಜ್ ಸಿನಿಮಾಕ್ಕೆ ಬಂದ ಹೊತ್ತಿನಲ್ಲಿ ಹಾಡುವ ನಟರ ಸಾಲು ಇನ್ನೂ ಸಂಪೂರ್ಣ ಮುಗಿದಿರಲಿಲ್ಲ.

ಕಿತ್ತುಕೊಂಡವರು ಯಾರು?

1954ರ ‘ಬೇಡರ ಕಣ್ಣಪ್ಪ’ಕ್ಕೆ ಮುತ್ತುರಾಜ್ ಅವರನ್ನು ಆರಿಸಿ, ರಾಜ್‌ಕುಮಾರ್ ಎಂದು ಹೆಸರಿಟ್ಟವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಗುಬ್ಬಿ ವೀರಣ್ಣನವರ ಜತೆ ಸೇರಿ ಚಿತ್ರ ತಯಾರಿಸಿದ್ದು ಮದರಾಸಿನ ಎವಿಎಂ. ರಂಗದಲ್ಲಿ ಹಾಡಿ ಬೆಳೆದ ಹೊಸ ನಾಯಕ ಕೈಯಲ್ಲೇ ಇದ್ದರು. ಆದರೂ ‘ಶಿವಪ್ಪ ಕಾಯೋ ತಂದೆ’ ಹಾಡಿದವರು ಸಿ.ಎಸ್. ಜಯರಾಮನ್. ಎರಡು ವರ್ಷದ ಹಿಂದೆ ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ಅವರಿಗೆ ದನಿ ಕೊಟ್ಟಿದ್ದವರೂ ಅವರೇ.

ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. 1950ರ ದಶಕದ ಮದರಾಸಿನ ಸ್ಟುಡಿಯೊಗಳ ಕೆಲಸದ ಕ್ರಮವೇ ಹಾಗಿತ್ತು. ಹಾಡು ಮೊದಲು ಮುದ್ರಣವಾಗುತ್ತದೆ, ಚಿತ್ರೀಕರಣ ಆಮೇಲೆ. ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸುವಾಗ ಗಾಯಕರು ಎಲ್ಲೋ ಒಂದು ಕಡೆ ತಪ್ಪಿದರೆ ಇಡೀ ಹಾಡನ್ನು ಮೊದಲಿನಿಂದ ನುಡಿಸಬೇಕು. ಸಮಯವೆಂದರೆ ದುಡ್ಡು. ನಾಲ್ಕು ಭಾಷೆಯಲ್ಲಿ ಬೆಳಗ್ಗೆ ಕಲಿತು ಮಧ್ಯಾಹ್ನದೊಳಗೆ ಹಾಡಿ ಮುಗಿಸುವ ವೃತ್ತಿಪರರು ಪಕ್ಕದ ಬೀದಿಯಲ್ಲೇ ಸಿಗುವಾಗ ಹೊಸ ನಟನ ಮೇಲೆ ಯಾರು ಪಣ ಒಡ್ಡುತ್ತಾರೆ? ಜತೆಗೆ ಮೈಕಿನ ಸಮಸ್ಯೆ. ಟೆಂಟಿನ ಕೊನೆಯವರೆಗೆ ದನಿ ಎಸೆದು ಅಭ್ಯಾಸವಾದ ಗಂಟಲಿಗೆ ಗೇಣು ದೂರದ ಮೈಕು ಬೇರೆಯದೇ ಶಿಸ್ತು. ಅಲ್ಲಿ ಎಸೆಯುವುದಲ್ಲ, ಇಳಿಸಬೇಕು. ರಂಗದಲ್ಲಿ ಗುಣವಾಗಿದ್ದದ್ದು ಸ್ಟುಡಿಯೊದಲ್ಲಿ ದೋಷವಾಗಿ ಕೇಳುತ್ತಿತ್ತು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. 1956ರ ‘ಓಹಿಲೇಶ್ವರ’ದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲೇ ರಾಜ್ ‘ಶರಣು ಶಂಭೋ’ ಹಾಡಿದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಅವರೊಂದಿಗೆ ‘ತುಂಬಿತು ಮನವ’ ಎಂಬ ಯುಗಳಗೀತೆ ಹಾಡಿದರು. ಈ ಎರಡು ಹಾಡುಗಳನ್ನು 1974ರ ಕತೆ ಹೇಳುವವರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಅವು ಪ್ರಕರಣದ ನಡುಭಾಗ ಅನ್ನಿಸುತ್ತವೆ. ಅವರು ಹಾಡಬಲ್ಲರು ಎಂದು ಉದ್ಯಮಕ್ಕೆ ಗೊತ್ತಿತ್ತು. ಗೊತ್ತಿದ್ದೂ ಹದಿನೈದು ವರ್ಷ ಬೇಡವೆಂದಿತು.

ಕಾರಣ, ಅಷ್ಟರಲ್ಲಿ ಪಿಬಿಎಸ್ ಬಂದಿದ್ದರು. ಕಾಕಿನಾಡದಲ್ಲಿ ಹುಟ್ಟಿದ, ಮನೆಮಾತು ತೆಲುಗಿನ ಈ ಗಾಯಕ 1960ರ ‘ಭಕ್ತ ಕನಕದಾಸ’ದಲ್ಲಿ ‘ಬಾಗಿಲನು ತೆರೆದು’ ಹಾಡಿದ ಮೇಲೆ ಕನ್ನಡ ಕೇಳುಗರು ಬೇರೆ ದನಿ ಬೇಡಲಿಲ್ಲ. ಮಧ್ಯೆ ಘಂಟಸಾಲರಂಥವರೂ ಹಾಡಿದರು. 1963ರ ‘ವೀರಕೇಸರಿ’ಯ ‘ಮೆಲ್ಲುಸಿರೆ ಸವಿಗಾನ’ ಇಂದಿಗೂ ಜನರ ಬಾಯಲ್ಲಿದೆ. ಆದರೂ ರಾಜ್ ಅವರ ತುಟಿಗೂ ಪಿಬಿಎಸ್ ದನಿಗೂ ಬಿದ್ದ ಬೆಸುಗೆ ಬೇರೆ ಯಾರಿಗೂ ಬೀಳಲಿಲ್ಲ. ಮಂದ್ರದಲ್ಲಿ ನೆಲೆನಿಂತು, ಎಲ್ಲೂ ಕಿರುಚದೆ, ಪ್ರತಿ ಅಕ್ಷರವನ್ನೂ ಮೃದುವಾಗಿ ಇಟ್ಟು ಹೋಗುವ ಗಾಯನ ಅದು. 60ರ ದಶಕದ ರಾಜ್ ಪಾತ್ರಗಳ ಸಂಕೋಚ, ಸಜ್ಜನಿಕೆ, ಒಳಗೊಳಗೇ ನುಂಗುವ ದುಃಖ ಅರ್ಧಕ್ಕರ್ಧ ಆ ದನಿಯಿಂದ ಬಂದದ್ದು ಎಂದರೆ ಅಭಿಮಾನಿಗಳು ಸಿಟ್ಟಾಗಬಾರದು.

ಬದಲಾಯಿಸುವ ಅಗತ್ಯ ಇತ್ತೇ?

ಇರಲಿಲ್ಲ. ಸುಲಭವಾಗಿ ಕೊಡುವ ಕಾರಣ ಒಂದಿದೆ: 70ರ ದಶಕದಲ್ಲಿ ರಾಜ್ ಹಳ್ಳಿಯ ಗಟ್ಟಿ ಗಂಡಸಿನ ಪಾತ್ರಗಳಿಗೆ ಹೊರಳಿದರು, ಅದಕ್ಕೆ ಪಿಬಿಎಸ್ ದನಿ ಮೆತ್ತಗಾಯಿತು ಎಂಬುದು. ದಾಖಲೆ ಇದನ್ನು ಒಪ್ಪುವುದಿಲ್ಲ. 1972ರ ‘ಬಂಗಾರದ ಮನುಷ್ಯ’ಕ್ಕಿಂತ ಹಳ್ಳಿಯ ಚಿತ್ರ ಬೇಕೇ? ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ಚಿತ್ರದ ‘ಆಗದು ಎಂದು’ ಹಾಡಿದ್ದು ಪಿಬಿಎಸ್. ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ’ ಅವರದೇ. 1974ರಲ್ಲೇ ಬಂದ ‘ಭಕ್ತ ಕುಂಬಾರ’ದಲ್ಲಿ ‘ಮಾನವ ಮೂಳೆ ಮಾಂಸದ ತಡಿಕೆ’ಯೂ ಅವರದೇ. ಮಾರುಕಟ್ಟೆಯ ಲೆಕ್ಕದಲ್ಲಿ ನೋಡಿದರೆ ಗೆಲ್ಲುತ್ತಿದ್ದ ಜೋಡಿಯನ್ನು ಮುರಿಯಲು ಒಂದೇ ಒಂದು ಕಾರಣವೂ ಇರಲಿಲ್ಲ.

ಆದ್ದರಿಂದ ಕಾರಣವನ್ನು ಆ ಒಂದು ಹಾಡಿನೊಳಗೇ ಹುಡುಕಬೇಕು.

‘ಸಂಪತ್ತಿಗೆ ಸವಾಲ್’ ಮೂಲತಃ ಪಿ.ಬಿ. ಧುತ್ತರಗಿ ಅವರ ನಾಟಕ. ಉತ್ತರ ಕರ್ನಾಟಕದ ಕಂಪನಿಗಳು ಊರೂರಲ್ಲಿ ಆಡಿ ಪಳಗಿಸಿದ ನಾಟಕ. ಅದನ್ನು ಎ.ವಿ. ಶೇಷಗಿರಿರಾವ್ ಸಿನಿಮಾ ಮಾಡಿದರು, ಚಿ. ಉದಯಶಂಕರ್ ಹಾಡು ಬರೆದರು. ಸಾಹುಕಾರನಿಗೆ ಸೊಪ್ಪು ಹಾಕದ ಹಳ್ಳಿ ಹೈದ ಊರವರನ್ನೆಲ್ಲ ಬಿಟ್ಟು ಎಮ್ಮೆಯೊಂದಿಗೆ ಮಾತಿಗಿಳಿಯುವ ಹಾಡು ಅದು. ಅದನ್ನು ಕಾಗದದ ಮೇಲೆ ನೋಡಿದರೆ ಹಾಡು, ಕಿವಿಯಲ್ಲಿ ಕೇಳಿದರೆ ಅರ್ಧ ಮಾತು: ಗದರುವುದು, ಛೇಡಿಸುವುದು, ಎಮ್ಮೆಯನ್ನು ಹೊಗಳುವ ನೆಪದಲ್ಲಿ ಊರವರನ್ನು ತಿವಿಯುವುದು. ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ನಟನ ಮೈಯೇ ಕೇಳಿಸಬೇಕು. ಇದನ್ನು ಹಿನ್ನೆಲೆ ಗಾಯಕ ಎಷ್ಟೇ ಚೆನ್ನಾಗಿ ಹಾಡಿದರೂ ತೆರೆಯ ಮೇಲೆ ನಟ ಆ ತಿವಿತವನ್ನು ನಕಲು ಮಾಡುತ್ತಿರಬೇಕಾಗುತ್ತದೆ. ಕಂಪನಿಯಲ್ಲಿ ಕಲಿತವನಿಗೋ, ಮಾತಿನಿಂದ ಹಾಡಿಗೆ ದಾಟುವ ಆ ಹೊಸ್ತಿಲೇ ಮನೆ.

ಇದೇ ಚಿತ್ರದ ಇನ್ನೊಂದು ಹಾಡು ಗಮನಿಸಿ. ‘ರಾಜಾ ಮುದ್ದು ರಾಜಾ’ ಎಂಬ ಪ್ರೇಮಗೀತೆಯನ್ನು ಜಾನಕಿ ಅವರ ಜತೆ ಹಾಡಿದ್ದು ಪಿಬಿಎಸ್ಸೇ. ಒಂದೇ ಚಿತ್ರ, ಒಂದೇ ಪಾತ್ರ, ಎರಡು ಗಂಟಲು. ಪ್ರೇಕ್ಷಕರು ಗೊಂದಲಕ್ಕೆ ಬೀಳಲಿಲ್ಲ. ಗಂಟಲುನೋವು ನಿಜವೇ ಇದ್ದರೂ, ಅದು ಬೇರಾವುದೋ ಹಾಡಿನ ದಿನ ಬಂದಿದ್ದರೆ ಇನ್ನೊಬ್ಬ ಗಾಯಕರನ್ನು ಕರೆಸುತ್ತಿದ್ದರು ಎಂದೇ ನನ್ನ ಎಣಿಕೆ. ಈ ಹಾಡಿಗೆ ವೆಂಕಟೇಶ್ ತಿರುಗಿದ್ದು ಹದಿನೆಂಟು ವರ್ಷದ ಹಿಂದೆ ತಾವೇ ಹಾಡಿಸಿದ್ದ ಗಂಟಲಿನ ಕಡೆಗೆ. ಸ್ವತಃ ಹಾಡುಗಾರರೂ ಆಗಿದ್ದ ಅವರ ಕಿವಿಗೆ ಏನು ಬೇಕೆಂದು ಗೊತ್ತಿತ್ತು. (ಆ ದಿನಗಳಲ್ಲಿ ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಇಳಯರಾಜಾ ಕೆಲಸ ಮಾಡುತ್ತಿದ್ದರು. ದಕ್ಷಿಣದ ಚಿತ್ರಸಂಗೀತದ ಮುಂದಿನ ಅಧ್ಯಾಯ ಆ ಮನೆಯಲ್ಲೇ ತಯಾರಾಗುತ್ತಿತ್ತು. ಅದು ಬೇರೆ ಕತೆ.)

ಅಸಲಿ ಪರೀಕ್ಷೆ

ಹಾಡು ಗೆದ್ದಿತು. ಹೇಗೆ ಗೆದ್ದಿತು ಎಂದು ಯಾರಿಗೂ ಹೇಳಬೇಕಿಲ್ಲ; ಆರ್ಕೆಸ್ಟ್ರಾಗಳಲ್ಲಿ ಅದು ಇನ್ನೂ ಮೊಳಗುತ್ತದೆ. ಆದರೆ ಎಮ್ಮೆ ಹಾಡಿನ ಮರುದಿನವೇ ಪಿಬಿಎಸ್ ಅಧ್ಯಾಯ ಮುಗಿಯಿತು ಎಂಬ ನಂಬಿಕೆ ತಪ್ಪು. 1974ರ ‘ಎರಡು ಕನಸು’ವಿನಲ್ಲಿ ವಾಣಿ ಜಯರಾಂ ಜತೆ ‘ಎಂದೆಂದೂ ನಿನ್ನನು ಮರೆತು’ ಹಾಡಿದವರು ಪಿಬಿಎಸ್. 1975ರ ‘ಮಯೂರ’ದಲ್ಲಿ ಕದಂಬ ರಾಜಕುಮಾರನಾಗಿ ರಾಜ್ ‘ನಾನಿರುವುದೆ ನಿಮಗಾಗಿ’ ಎಂದು ಜನರ ನಡುವೆ ನಿಂತು ಹಾಡುವಾಗಲೂ ದನಿ ಪಿಬಿಎಸ್ ಅವರದೇ. ತಮಾಷೆಯೆಂದರೆ, ರಾಜ್‌ಕುಮಾರ್ ಎಂಬ ವ್ಯಕ್ತಿಯ ಘೋಷವಾಕ್ಯದ ಹಾಗೆ ಅಭಿಮಾನಿಗಳು ಇಂದಿಗೂ ಬಳಸುವ ಆ ಸಾಲನ್ನು ರಾಜ್ ಹಾಡಲೇ ಇಲ್ಲ.

ಒರಟು ಹಾಡೊಂದು ಗೆದ್ದರೆ ಅದು ವಿಶೇಷ ಸಂದರ್ಭ ಎಂದು ಬದಿಗಿಡಬಹುದು. ನಾಯಕನಟರು ಒಮ್ಮೊಮ್ಮೆ ಹೀಗೆ ಒಂದು ತುಂಟ ಹಾಡು ಹಾಡಿ ಸುಮ್ಮನಾಗುವುದು ಎಲ್ಲ ಭಾಷೆಯಲ್ಲೂ ಇದೆ. ರಾಜ್ ಅವರಿಗೂ ಅಷ್ಟಕ್ಕೇ ನಿಲ್ಲಬಹುದಿತ್ತು. ನಿಜವಾದ ಪರೀಕ್ಷೆ ಮೆಲುದನಿಯದು. ಪಿಬಿಎಸ್ ಅವರ ಅಂಗಳಕ್ಕೇ ಹೋಗಿ ಅಲ್ಲಿ ನಿಲ್ಲಬಲ್ಲರೇ ಎಂಬುದು. ಅದು ನಡೆದದ್ದು 1976ರಲ್ಲಿ. ‘ಪ್ರೇಮದ ಕಾಣಿಕೆ’ಯಲ್ಲಿ ಉಪೇಂದ್ರಕುಮಾರ್ ಅವರ ಸಂಗೀತಕ್ಕೆ ‘ಬಾನಿಗೊಂದು ಎಲ್ಲೆ ಎಲ್ಲಿದೆ’ ಹಾಡಿದರು. ‘ನಾ ನಿನ್ನ ಮರೆಯಲಾರೆ’ಯಲ್ಲಿ ವಾಣಿ ಜಯರಾಂ ಪಕ್ಕ ನಿಂತು ಪ್ರೇಮಗೀತೆ ಹಾಡಿದರು. ‘ಬಡವರ ಬಂಧು’ವಿನಲ್ಲಿ ಎಂ. ರಂಗರಾವ್ ಅವರ ‘ನಿನ್ನ ನುಡಿಯು ಹೊನ್ನ ನುಡಿಯು’ ಹಾಡಿದರು. ಅದೇ ವರ್ಷ ‘ಬಹದ್ದೂರ್ ಗಂಡು’ವಿನ ‘ಮುತ್ತಿನಂಥ ಮಾತೊಂದು’ ಎಮ್ಮೆ ಹಾಡಿನ ಗತ್ತನ್ನು ಮುಂದುವರಿಸಿತು.

‘ಬಾನಿಗೊಂದು ಎಲ್ಲೆ’ಯನ್ನು ಗಮನವಿಟ್ಟು ಕೇಳಿದರೆ ಗೊತ್ತಾಗುತ್ತದೆ, ರಂಗದ ಗಂಟಲು ಮೈಕಿನೊಂದಿಗೆ ಹೇಗೆ ರಾಜಿಯಾಯಿತೆಂದು. ಪಿಬಿಎಸ್ ಅವರ ರೇಷ್ಮೆ ಇಲ್ಲ. ಸ್ವಲ್ಪ ಮೂಗಿನ ಛಾಯೆ ಇದೆ, ಸ್ವರ ಹಿಡಿಯುವಾಗ ತುಸು ಒತ್ತು ಇದೆ. ಆದರೆ ಪದ ಒಡೆಯುವ ಕ್ರಮ ಮಾತಿನದು. ಸಾಲಿನ ಅರ್ಥ ಎಲ್ಲಿ ತಿರುಗುತ್ತದೋ ಅಲ್ಲಿ ದನಿ ತಿರುಗುತ್ತದೆ. ರಾಗ ಅದರ ಹಿಂದೆ ಬರುತ್ತದೆ. ಮಹಾಪ್ರಾಣ ಮಹಾಪ್ರಾಣವಾಗಿಯೇ ಕೇಳುತ್ತದೆ. ಟೆಂಟಿನ ಕೊನೆಯ ಸಾಲಿಗಾಗಿ ಕಲಿತದ್ದು ಇಲ್ಲಿ ಬೇರೆ ರೂಪದಲ್ಲಿ ಉಪಯೋಗಕ್ಕೆ ಬಂತು. ಇಪ್ಪತ್ತು ವರ್ಷ ಡಬ್ಬಿಂಗ್ ಮಾಡಿ ಮಾಡಿ ಮೈಕಿನ ಮುಂದೆ ದನಿ ಇಳಿಸುವುದನ್ನು ಅವರು ಸಂಭಾಷಣೆಯಲ್ಲಿ ಆಗಲೇ ಕಲಿತಿದ್ದರಲ್ಲವೇ. ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. 1954ರಲ್ಲಿ ಅವರೇ ಹಾಡಿದ್ದರೆ ಇಷ್ಟು ಚೆನ್ನಾಗಿರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಾಯಿಸಿದ್ದು ಅನ್ಯಾಯವೋ ಅದೃಷ್ಟವೋ ಹೇಳುವುದು ಕಷ್ಟ.

ವ್ಯವಹಾರದ ಕಡೆಯೂ ಒಂದು ಬದಲಾವಣೆ ಅದೇ ಹೊತ್ತಿಗೆ ಆಗಿತ್ತು. 1975ರ ‘ತ್ರಿಮೂರ್ತಿ’ಯೊಂದಿಗೆ ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಾಪಕಿಯಾದರು; ರಾಜ್ ಅವರ ತಮ್ಮ ವರದಪ್ಪ ಕತೆ, ಕಾಲ್‌ಶೀಟು ಎಲ್ಲ ನೋಡಿಕೊಳ್ಳುತ್ತಿದ್ದರು. ನಟನೇ ಗಾಯಕನಾದರೆ ಚಿತ್ರೀಕರಣದ ದಿನಗಳ ಜತೆಗೆ ಅಭ್ಯಾಸಕ್ಕೆ, ಮುದ್ರಣಕ್ಕೆ ಬೇರೆ ದಿನಗಳು ಬೇಕು. ಹೊರಗಿನ ನಿರ್ಮಾಪಕರಿಗೆ ಅದು ತಲೆನೋವು. ನಿರ್ಮಾಣ ಮನೆಯದೇ ಆದಾಗ ಆ ದಿನಗಳನ್ನು ಹೊಂದಿಸುವುದು ಸಲೀಸಾಯಿತು. ದೊಡ್ಡ ತಾರೆಗೆ ಮಾತ್ರ ಸಾಧ್ಯವಿದ್ದ ಸೌಕರ್ಯ ಇದು. ಪ್ರತಿಭೆಯೊಂದೇ ಸಾಕಾಗಿದ್ದರೆ 1959ರಲ್ಲೇ ಆಗಬೇಕಿತ್ತು.

ದನಿ ಬಿಟ್ಟುಕೊಟ್ಟವರು

ಪ್ರಕರಣದ ಇನ್ನೊಂದು ಬದಿಯನ್ನು ನಮ್ಮಲ್ಲಿ ಸೌಜನ್ಯದ ಕತೆಯಾಗಿ ಮಾತ್ರ ಹೇಳುತ್ತಾರೆ. ರಾಜ್ ಮತ್ತು ಪಿಬಿಎಸ್ ನಡುವೆ ಪ್ರೀತಿ, ಗೌರವ ಕೊನೆಯವರೆಗೂ ಇತ್ತು, ಅದು ನಿಜ. ಆದರೆ ವೃತ್ತಿಯ ಲೆಕ್ಕದಲ್ಲಿ ಇದು ಒಬ್ಬ ಗಾಯಕನ ದೊಡ್ಡ ನಷ್ಟ. ರಾಜ್ ಹಾಡುಗಳು ರಾಜ್ ಅವರಿಗೇ ಹೋದ ಅದೇ ವರ್ಷಗಳಲ್ಲಿ ಹೊಸ ನಾಯಕರಾದ ವಿಷ್ಣುವರ್ಧನ್, ಶ್ರೀನಾಥ್, ಅನಂತನಾಗ್ ಅವರ ಹಾಡುಗಳು ಹೆಚ್ಚೆಚ್ಚು ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಡೆಗೆ ಹೋದವು. ಐವತ್ತು ತುಂಬುವ ಮೊದಲೇ ಪಿಬಿಎಸ್ ಕನ್ನಡದಲ್ಲಿ ಅಪರೂಪದ ದನಿಯಾದರು. ಅವರು ದೂರಲಿಲ್ಲ. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಕೂತು, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು, ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದ ಅವರನ್ನು ಅಲ್ಲಿಗೆ ಹೋಗುತ್ತಿದ್ದವರೆಲ್ಲ ಬಲ್ಲರು. 2013ರ ಏಪ್ರಿಲ್ 14ರಂದು ತೀರಿಕೊಂಡರು.

ಈ ಕೈಬದಲಾವಣೆಯನ್ನು ಒಂದೇ ಕಡೆ ಕೇಳಬೇಕೆಂದರೆ 1977ರ ‘ಬಬ್ರುವಾಹನ’ಕ್ಕೆ ಹೋಗಬೇಕು. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಟಿ.ಜಿ. ಲಿಂಗಪ್ಪ ಸಂಗೀತ. ಅರ್ಜುನನೂ ರಾಜ್, ಮಗ ಬಬ್ರುವಾಹನನೂ ರಾಜ್. ಯುದ್ಧಭೂಮಿಯಲ್ಲಿ ಅಪ್ಪಮಗ ಎದುರುಬದುರು ನಿಂತು ಒಬ್ಬರನ್ನೊಬ್ಬರು ಹೀಯಾಳಿಸುವ ‘ಯಾರು ತಿಳಿಯರು ನಿನ್ನ’ ಹಾಡಿನಲ್ಲಿ ಒಂದು ದನಿ ರಾಜ್ ಅವರದು, ಇನ್ನೊಂದು ಪಿಬಿಎಸ್ ಅವರದು. ಮುಖ ಎರಡೂ ಕಡೆ ಒಂದೇ. ಕಂಪನಿ ನಾಟಕದ ಸವಾಲ್‌ಜವಾಬಿನ ಧಾಟಿಯಲ್ಲಿ ಪದ್ಯವೂ ಮಾತೂ ಕಲಸಿಕೊಂಡು ಸಾಗುವ ಆ ಹಾಡಿನಲ್ಲಿ ಯಾರೂ ಯಾರಿಗೂ ಸೋಲುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಸಮನಾದ ಜಿದ್ದಾಜಿದ್ದಿನ ಹಾಡು ಮತ್ತೊಂದಿಲ್ಲ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವುದೇ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡೊಂದನ್ನು ಹಾಡಿದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರು ಅದನ್ನು ಕಂಪನಿ ನಟನ ಧೈರ್ಯದಲ್ಲೇ ಹಾಡಿದ್ದಾರೆ, ಕೇಳಲು ಖುಷಿ. ರಾಯರ ಮೇಲಿನ ಭಕ್ತಿಗೀತೆಗಳ ಕ್ಯಾಸೆಟ್ಟುಗಳು ಮನೆಮನೆಗೆ ಹೋದವು. 1992ರ ‘ಜೀವನ ಚೈತ್ರ’ದಲ್ಲಿ ತೋಡಿ ರಾಗವನ್ನು ಆಧರಿಸಿದ ‘ನಾದಮಯ ಈ ಲೋಕವೆಲ್ಲಾ’ಕ್ಕೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಾಗ ಅವರು ಅರವತ್ತು ದಾಟಿದ್ದರು. ಸಂಗೀತ ಮತ್ತೆ ಉಪೇಂದ್ರಕುಮಾರ್ ಅವರದೇ. ಪ್ರಶಸ್ತಿಯ ಹೆಸರು ‘ಹಿನ್ನೆಲೆ ಗಾಯಕ’ ಎಂದಿದ್ದರೂ ಅವರು ಹಾಡಿದ್ದು ತಮ್ಮದೇ ಮುಖಕ್ಕೆ.

ಬೇರೆ ಮುಖಕ್ಕೂ ಹಾಡಿದರು. ಮಗ ಶಿವರಾಜ್‌ಕುಮಾರ್ ನಾಯಕರಾದ 1995ರ ‘ಓಂ’ ಚಿತ್ರದಲ್ಲಿ ಹಾಡಿದ್ದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ವಿಚಿತ್ರವಾದದ್ದು 1993ರ ‘ಮುದ್ದಿನ ಮಾವ’. ಅದರಲ್ಲಿ ಮಾವನ ಪಾತ್ರ ಮಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅಳಿಯ ಶಶಿಕುಮಾರ್. ‘ದೀಪಾವಳಿ ದೀಪಾವಳಿ’ ಹಾಡಿನಲ್ಲಿ ಶಶಿಕುಮಾರ್ ಅವರಿಗೆ ಹಾಡಿದ್ದು ಎಸ್‌ಪಿಬಿ. ಎಸ್‌ಪಿಬಿ ಅವರ ತುಟಿಗೆ ಹಿನ್ನೆಲೆಯಿಂದ ದನಿ ಕೊಟ್ಟವರು ರಾಜ್‌ಕುಮಾರ್.